ಆಗ್ಡನ್ ಅವೆನ್ಯೂ ಯಾರ ಹೆಸರಿನದು? ಶಿಕಾಗೊದ ಮೊದಲ ಮೇಯರ್ ಮತ್ತು ಆತನ ಜಮೀನಿನ ಲೆಕ್ಕ

ಪ್ರಶ್ನೆ: ನಾವು ಶಿಕಾಗೊ ಸಮೀಪದ ನೇಪರ್‌ವಿಲ್‌ನಲ್ಲಿ ವಾಸವಾಗಿದ್ದೇವೆ. ದಿನನಿತ್ಯ ಓಡಾಡುವ ಆಗ್ಡನ್ ಅವೆನ್ಯೂಗೆ ಶಿಕಾಗೊದ ಮೊದಲ ಮೇಯರ್ ವಿಲಿಯಂ ಆಗ್ಡನ್ ಹೆಸರಿಟ್ಟಿದ್ದಾರೆಂದು ಮಗಳ ಶಾಲೆಯ ಪಾಠದಿಂದ ಗೊತ್ತಾಯಿತು. ಆತ ಭಾರಿ ಜಮೀನು ವ್ಯಾಪಾರಿಯೂ ಆಗಿದ್ದನಂತೆ. ಊರಿನ ಅಧಿಕಾರವನ್ನು ಕೈಯಲ್ಲಿಟ್ಟುಕೊಂಡು ಸೈಟು ಮಾರಿ ದುಡ್ಡು ಮಾಡಿದವನನ್ನು ಹೀಗೆ ಗೌರವಿಸುವುದು ಸರಿಯೇ? ಆತ ನಿಜವಾಗಿ ಮಾಡಿದ್ದೇನು?

ಉತ್ತರ: ಮೇಯರ್ ಪದವಿಯಿಂದ ಆಗ್ಡನ್ ಶ್ರೀಮಂತನಾಗಲಿಲ್ಲ. ಆಗ ಮೇಯರ್‌ನ ಅವಧಿ ಒಂದೇ ವರ್ಷದ್ದಾಗಿತ್ತು, ಆ ಒಂದು ವರ್ಷದಲ್ಲಿ ಆತ ಮುಳುಗದೆ ಉಳಿದದ್ದೇ ದೊಡ್ಡ ಮಾತು. ಆದರೂ ನಿಮ್ಮ ಅನುಮಾನಕ್ಕೆ ಆಧಾರವಿಲ್ಲದಿಲ್ಲ. ಆತನ ಸುಮಾರು ಮೂವತ್ತು ವರ್ಷಗಳ ಶಿಕಾಗೊ ಜೀವನದಲ್ಲಿ ಊರಿನ ಕೆಲಸ ಎಲ್ಲಿ ಮುಗಿಯಿತು, ಸ್ವಂತದ ಲಾಭ ಎಲ್ಲಿ ಶುರುವಾಯಿತು ಎಂದು ಗೆರೆ ಎಳೆಯುವುದು ಸಾಧ್ಯವಿಲ್ಲ. ಜಮೀನಿನ ಬೆಲೆ ಮಣ್ಣಿನಲ್ಲಿ ಇರುವುದಿಲ್ಲ, ಆ ಜಮೀನಿಗೆ ಬಂದು ತಲುಪುವ ರಸ್ತೆ, ಸೇತುವೆ, ಕಾಲುವೆ, ರೈಲಿನಲ್ಲಿ ಇರುತ್ತದೆ ಎಂಬುದನ್ನು ಆತ ತನ್ನ ಕಾಲದ ಇತರರಿಗಿಂತ ಮೊದಲು ಅರಿತಿದ್ದ, ಅರಿತಂತೆ ನಡೆದ. ಅದರಿಂದ ಒಂದು ಮಹಾನಗರ ಎದ್ದು ನಿಂತಿತು. ಆ ನಗರಕ್ಕೆ ಬೆಲೆ ತೆತ್ತವರಲ್ಲಿ ಕ್ರಯಪತ್ರವಾಗಲಿ ನಕ್ಷೆಯಾಗಲಿ ಇಲ್ಲದವರೇ ಹೆಚ್ಚು. ಇವೆರಡನ್ನೂ ಒಟ್ಟಿಗೆ ಹೇಳದಿದ್ದರೆ ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಕೊಟ್ಟಂತಾಗುತ್ತದೆ.

ವಿಲಿಯಂ ಬಟ್ಲರ್ ಆಗ್ಡನ್ ಹುಟ್ಟಿದ್ದು 1805ರಲ್ಲಿ, ನ್ಯೂಯಾರ್ಕ್ ರಾಜ್ಯದ ಬೆಟ್ಟಗಾಡಿನ ವಾಲ್ಟನ್ ಎಂಬ ಸಣ್ಣ ಊರಿನಲ್ಲಿ. ತಂದೆಯದು ಮರಮುಟ್ಟು ಮತ್ತು ಜಮೀನಿನ ವ್ಯವಹಾರ. ಹದಿಹರೆಯದಲ್ಲಿಯೇ ತಂದೆಯ ಆರೋಗ್ಯ ಕೆಟ್ಟಿದ್ದರಿಂದ ಓದು ಬಿಟ್ಟು ವ್ಯವಹಾರಕ್ಕೆ ಹೆಗಲು ಕೊಡಬೇಕಾಯಿತು. ಮುಂದೆ ರಾಜ್ಯದ ಶಾಸನಸಭೆಗೆ ಆಯ್ಕೆಯಾಗಿ, ನ್ಯೂಯಾರ್ಕ್–ಈರಿ ರೈಲುಮಾರ್ಗದ ಪರವಾಗಿ ವಾದಿಸಿದ. ಮರ, ಜಮೀನು, ರೈಲು ಎಂಬ ಮೂರು ವಿಷಯಗಳಲ್ಲಿ ಆತನ ಕೈ ಪಳಗಿದ್ದು ಶಿಕಾಗೊ ನೋಡುವುದಕ್ಕೆ ಮುಂಚೆಯೇ.

ಶಿಕಾಗೊ ಆಗ ಯಾವ ಸ್ಥಿತಿಯಲ್ಲಿತ್ತು ಎಂಬುದನ್ನು ಸ್ವಲ್ಪ ವಿವರಿಸಬೇಕು. 1833ರ ಸೆಪ್ಟೆಂಬರ್‌ನಲ್ಲಿ ಪೊಟವಾಟೊಮಿ, ಒಜಿಬ್ವೆ ಮತ್ತು ಒಡಾವಾ ಎಂಬ ಮೂಲನಿವಾಸಿ ಜನರು ಮಿಶಿಗನ್ ಸರೋವರದ ಪಶ್ಚಿಮಕ್ಕೆ ಉಳಿದಿದ್ದ ತಮ್ಮ ನೆಲವನ್ನು, ಸುಮಾರು 50 ಲಕ್ಷ ಎಕರೆಯನ್ನು, ಒಪ್ಪಂದದ ಮೂಲಕ ಅಮೆರಿಕ ಸರ್ಕಾರಕ್ಕೆ ಬಿಟ್ಟುಕೊಟ್ಟು ಮಿಸಿಸಿಪ್ಪಿಯ ಆಚೆಗೆ ಹೊರಡಬೇಕಾಯಿತು. 1835ರ ಬೇಸಿಗೆಯಲ್ಲಿ ಅವರು ಹೊರಡುವ ಮುನ್ನ ನೂರಾರು ಯೋಧರು ಮೈಗೆ ಬಣ್ಣ ಬಳಿದುಕೊಂಡು ಊರಿನ ಬೀದಿಗಳಲ್ಲಿ ಕೊನೆಯ ಬಾರಿಗೆ ಕುಣಿದು ಹೋದರು. ಅದೇ ಬೇಸಿಗೆಯಲ್ಲಿ, ಅದೇ ಊರಿನಲ್ಲಿ, ಸರ್ಕಾರಿ ಜಮೀನಿನ ಹರಾಜು ನಡೆಯಿತು. ಸಂಯುಕ್ತ ಸರ್ಕಾರದ ಅಳತೆಯ ಪ್ರಕಾರ ನೆಲವನ್ನು ಒಂದು ಚದರ ಮೈಲಿಯ, ಅಂದರೆ 640 ಎಕರೆಯ ಚೌಕಗಳಾಗಿ ಹೋಳು ಮಾಡಲಾಗುತ್ತಿತ್ತು, ಮತ್ತು ಪ್ರತಿ 36 ಚೌಕಗಳಲ್ಲಿ 16ನೆಯದು ಶಾಲೆಗೆ ಮೀಸಲಾಗಿರುತ್ತಿತ್ತು. ಶಿಕಾಗೊದ ಆ ಶಾಲಾ ಚೌಕ ಇಂದಿನ ನಗರಕೇಂದ್ರದಲ್ಲಿ, ಮ್ಯಾಡಿಸನ್ ಬೀದಿಯ ದಕ್ಷಿಣಕ್ಕೆ ಇದೆ. ಅದರ ಬಹುಪಾಲನ್ನು 1833ರಲ್ಲಿಯೇ 38 ಸಾವಿರ ಡಾಲರ್‌ಗಿಂತ ತುಸು ಹೆಚ್ಚಿನ ಮೊತ್ತಕ್ಕೆ ಮಾರಿಬಿಟ್ಟರು. ಕೆಲವು ವರ್ಷ ತಡೆದಿದ್ದರೆ ಆ ಊರಿನ ಮಕ್ಕಳ ವಿದ್ಯೆಗೆ ಎಂದೂ ಹಣದ ಕೊರತೆಯಾಗುತ್ತಿರಲಿಲ್ಲ ಎಂಬುದನ್ನು ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಆಗ್ಡನ್‌ನ ಭಾವ, ಅಂದರೆ ಆತನ ಸಹೋದರಿಯ ಗಂಡ ಚಾರ್ಲ್ಸ್ ಬಟ್ಲರ್, ನ್ಯೂಯಾರ್ಕಿನ ವಕೀಲ. ಆತ ತನ್ನ ಸಂಗಡಿಗರೊಂದಿಗೆ ಶಿಕಾಗೊ ನದಿಯ ಉತ್ತರ ದಡದಲ್ಲಿ ಒಂದು ದೊಡ್ಡ ಜಮೀನಿನಲ್ಲಿ ಹಣ ಹೂಡಿದ್ದ, 1835ರ ವೇಳೆಗೆ ಅದರ ಬೆಲೆ ಒಂದು ಲಕ್ಷ ಡಾಲರ್ ಎಂದು ಲೆಕ್ಕ ಹಾಕಲಾಗಿತ್ತು. ಅದನ್ನು ಅಳೆಸಿ, ನಿವೇಶನ ಮಾಡಿ, ಮಾರುವುದಕ್ಕೆ ಬಾಮೈದನನ್ನು ಕಳುಹಿಸಿದ. ಆಗ್ಡನ್ ಬಂದು ನೋಡಿದಾಗ ಕುರುಚಲು ಓಕ್ ಗಿಡಗಳ ನಡುವೆ ನೀರು ನಿಂತಿತ್ತು. ಹೆಜ್ಜೆಯಿಟ್ಟರೆ ಕಾಲು ಹರಡಿನವರೆಗೆ ಕೆಸರಿನಲ್ಲಿ ಹೂತುಹೋಗುತ್ತಿತ್ತು. ನೀವು ಶುದ್ಧ ಮೂರ್ಖತನ ಮಾಡಿದ್ದೀರಿ, ಈ ನೆಲಕ್ಕೆ ಅಷ್ಟು ಬೆಲೆಯಿಲ್ಲ, ಇನ್ನೊಂದು ತಲೆಮಾರಿನವರೆಗೆ ಬರುವುದೂ ಇಲ್ಲ ಎಂಬ ಅರ್ಥದಲ್ಲಿ ಭಾವನಿಗೆ ಪತ್ರ ಬರೆದ. ಹಾಗೆ ಬರೆದವನೇ ನಿವೇಶನಗಳಿಗೆ ಗುರುತು ಹಾಕಿಸಿ, ಬೀದಿಗಳನ್ನು ಕಡಿಸಿ, ಆ ಬೇಸಿಗೆಯ ಹರಾಜಿನ ಭರಾಟೆಯಲ್ಲಿ ಜಮೀನಿನ ಮೂರನೆಯ ಒಂದು ಪಾಲನ್ನು ಮಾರಿದಾಗ, ಭಾವನ ಲಕ್ಷ ಡಾಲರ್ ಪೂರ್ತಿಯಾಗಿ ಕೈಸೇರಿತು. ಹಾಗಿದ್ದೂ ಆತನಿಗೆ ಕೂಡಲೇ ನಂಬಿಕೆ ಬರಲಿಲ್ಲ. ಕೊಂಡವರು ನೆಲವನ್ನು ಕೊಂಡಿರಲಿಲ್ಲ, ಮಿಶಿಗನ್ ಸರೋವರವನ್ನು ಮಿಸಿಸಿಪ್ಪಿಯ ದಾರಿಗೆ ಕೂಡಿಸಲು ಮುಂದೆ ಬರಲಿದೆ ಎನ್ನಲಾಗುತ್ತಿದ್ದ ಕಾಲುವೆಯ ಆಸೆಯನ್ನು ಕೊಂಡಿದ್ದರು ಎಂಬುದು ಆತನಿಗೆ ಗೊತ್ತಿತ್ತು. ಆ ಆಸೆಯನ್ನು ನಿಜ ಮಾಡದಿದ್ದರೆ ಉಳಿದ ಮೂರನೆಯ ಎರಡು ಪಾಲು ಬರಿಯ ಕೆಸರು. ನನ್ನ ತಿಳಿವಳಿಕೆಯಲ್ಲಿ ಆತ ಶಿಕಾಗೊದಲ್ಲಿ ನೆಲೆಯೂರಿದ್ದು ಈ ಕಾರಣದಿಂದ. ಊರು ನಿಲ್ಲದೆ ತನ್ನ ಕಾಗದ ನಿಲ್ಲುವುದಿಲ್ಲ ಎಂಬ ಅರಿವೇ ಆತನನ್ನು ಸಾರ್ವಜನಿಕ ಜೀವನಕ್ಕೆ ಎಳೆಯಿತು.

1837ರ ಮಾರ್ಚ್‌ನಲ್ಲಿ ಶಿಕಾಗೊಗೆ ನಗರದ ಸನ್ನದು ಸಿಕ್ಕಿತು. ಆಗಿನ ಜನಸಂಖ್ಯೆ 4,170. ಮೇ 2ರಂದು ನಡೆದ ಮೊದಲ ಚುನಾವಣೆಯಲ್ಲಿ, ಊರಿಗೆ ಬಂದು ಎರಡು ವರ್ಷವೂ ತುಂಬದ ಆಗ್ಡನ್, ಹಳೆಯ ಮನೆತನದ ಜಾನ್ ಕಿನ್ಜಿಯನ್ನು 489–217 ಮತಗಳಿಂದ ಸೋಲಿಸಿದ. ಎಂಟು ದಿನ ಕಳೆಯುವಷ್ಟರಲ್ಲಿ, ಮೇ 10ರಂದು, ನ್ಯೂಯಾರ್ಕಿನ ಬ್ಯಾಂಕುಗಳು ನೋಟಿಗೆ ಚಿನ್ನ–ಬೆಳ್ಳಿ ಕೊಡುವುದನ್ನು ನಿಲ್ಲಿಸಿದವು. ಸರ್ಕಾರಿ ಜಮೀನಿಗೆ ಚಿನ್ನ–ಬೆಳ್ಳಿಯಲ್ಲೇ ಹಣ ಕಟ್ಟಬೇಕೆಂಬ 1836ರ ಆದೇಶ ಬಂದಾಗಿನಿಂದ ಬಿಗಿಯುತ್ತಿದ್ದ ಕುಣಿಕೆ ಆಗ ಪೂರ್ತಿ ಬಿಗಿಯಿತು. ಕಂತಿನ ಮೇಲೆ ನಿವೇಶನ ಕೊಂಡವರಿಗೆ ಕಂತು ಕಟ್ಟಲಾಗಲಿಲ್ಲ, ಬೆಲೆ ಕುಸಿಯಿತು, ಸಾಲಗಾರರು ಸಭೆ ಸೇರಿ, ವಸೂಲಿ ತೀರ್ಪುಗಳು ಬರದಂತೆ ನ್ಯಾಯಾಲಯದ ಕಲಾಪವನ್ನೇ ನಿಲ್ಲಿಸಬೇಕೆಂದು ಒತ್ತಾಯಿಸಿದರು. ಹೊಸ ಮೇಯರ್ ಆ ಸಭೆಯಲ್ಲಿ ಎದ್ದು ನಿಂತು, ತನ್ನ ದೌರ್ಬಲ್ಯವನ್ನು ಶತ್ರುವಿಗೆ ತೋರಗೊಡದೆ ಧೈರ್ಯದಿಂದ ಉಳಿದುಕೊಂಡ ಕೋಟೆಗಳು ಎಷ್ಟೋ ಇವೆ, ಈ ಎಳೆಯ ನಗರದ ಮಾನಕ್ಕೆ ಕಳಂಕ ತರಬೇಡಿ ಎಂದು ಕೇಳಿಕೊಂಡ. ಸಭೆ ಆತನ ಮಾತಿಗೆ ಒಪ್ಪಿತು.

ಈ ಪ್ರಸಂಗವನ್ನು ಎಲ್ಲರೂ ಆಗ್ಡನ್‌ನ ಪ್ರಾಮಾಣಿಕತೆಗೆ ಉದಾಹರಣೆಯಾಗಿ ಹೇಳುತ್ತಾರೆ. ಅದು ಸುಳ್ಳಲ್ಲ, ಏಕೆಂದರೆ ಗೆಳೆಯರ ಸಾಲಪತ್ರಗಳಿಗೆ ಜಾಮೀನು ನಿಂತು ಆತನೂ ಆ ವರ್ಷಗಳಲ್ಲಿ ಬಹಳ ಕಷ್ಟಕ್ಕೆ ಸಿಲುಕಿದ್ದ. ಆದರೆ ಆತನ ಹಿಂದೆ ಇದ್ದ ಬಂಡವಾಳ ಯಾರದು ಎಂಬುದನ್ನೂ ನೋಡಬೇಕು. ಬಟ್ಲರ್, ಬ್ರಾನ್ಸನ್ ಮುಂತಾದ ನ್ಯೂಯಾರ್ಕಿನ ಹಣವಂತರು ದೂರದಲ್ಲಿ ಕುಳಿತು ಶಿಕಾಗೊದಲ್ಲಿ ಹಣ ಹಾಕುತ್ತಿದ್ದುದು ಆಗ್ಡನ್‌ನ ಮಾತಿನ ಮೇಲೆ. ಸಾಲ ತೀರಿಸದ ಊರು ಎಂಬ ಹೆಸರು ಒಮ್ಮೆ ಬಂದರೆ ಮುಂದೆ ಒಂದು ಕಾಸೂ ಹುಟ್ಟುತ್ತಿರಲಿಲ್ಲ. ಇಲಿನಾಯ್ ರಾಜ್ಯ ದಿವಾಳಿಯ ಅಂಚಿಗೆ ಬಂದು, 1836ರಲ್ಲಿ ಆರಂಭವಾಗಿದ್ದ ಇಲಿನಾಯ್–ಮಿಶಿಗನ್ ಕಾಲುವೆಯ ಕೆಲಸ ನಿಂತುಹೋದಾಗ, ಸಾಲ ಕೊಟ್ಟವರಿಂದಲೇ ಇನ್ನೂ 16 ಲಕ್ಷ ಡಾಲರ್ ಪಡೆದು, ಕಾಲುವೆಯನ್ನು ಧರ್ಮದರ್ಶಿಗಳ ವಶಕ್ಕೆ ಒಪ್ಪಿಸಿ ಕೆಲಸ ಮುಗಿಸುವ ಉಪಾಯ ರೂಪುಗೊಂಡಿತು. ಅದನ್ನು ರೂಪಿಸಿದವರಲ್ಲಿ ಆಗ್ಡನ್ ಒಬ್ಬ. 1848ರಲ್ಲಿ ಕಾಲುವೆ ತೆರೆಯಿತು, ಮಿಶಿಗನ್ ಸರೋವರದ ನೀರಿನ ದಾರಿ ಮಿಸಿಸಿಪ್ಪಿಯ ದಾರಿಯನ್ನು ಕೂಡಿಕೊಂಡಿತು.

ಬೀದಿ ಮತ್ತು ಸೇತುವೆಗಳ ವಿಚಾರದಲ್ಲಿಯೂ ಇದೇ ಬಗೆ. ನಗರದ ಬೊಕ್ಕಸದಲ್ಲಿ ಹಣವಿರುತ್ತಿರಲಿಲ್ಲ. ಆದ್ದರಿಂದ ಒಂದು ಬೀದಿಯ ಸುಧಾರಣೆಯಿಂದ ಯಾರ ನಿವೇಶನದ ಬೆಲೆ ಏರುವುದೋ ಅವರೇ ವೆಚ್ಚ ಭರಿಸಬೇಕೆಂಬ ಪದ್ಧತಿ ಶಿಕಾಗೊದಲ್ಲಿ ಬೇರೂರಿತು. ಆಗ್ಡನ್ ತನ್ನ ಮತ್ತು ತನ್ನ ಕಕ್ಷಿದಾರರ ಹಣ ಹಾಕಿ ನದಿಯ ಉತ್ತರ ದಡದಲ್ಲಿ ಬೀದಿಗಳನ್ನು ಮಾಡಿಸಿದ, ಸೇತುವೆಗಳಿಗೆ ಹಣ ಕೂಡಿಸಿದ. ಮೇಲ್ನೋಟಕ್ಕೆ ಇದು ನ್ಯಾಯವಾಗಿಯೇ ಕಾಣುತ್ತದೆ, ಬಡವನ ತೆರಿಗೆಯಿಂದ ಸಿರಿವಂತನ ಬೀದಿ ಆಗುವುದಿಲ್ಲವಲ್ಲ. ಆದರೆ ಹಣ ಕೊಡುವ ಶಕ್ತಿಯಿಲ್ಲದವರ ಬೀದಿ ಕೆಸರಾಗಿಯೇ ಉಳಿಯಿತು, ಬಾಡಿಗೆಗೆ ಇದ್ದವರಿಗೆ ಆ ವಿಷಯದಲ್ಲಿ ಮಾತೇ ಇರಲಿಲ್ಲ. ಪ್ರಜೆಯ ಹಕ್ಕು ಮತದಿಂದ ಅಳೆಯದೆ ಬೀದಿಗೆ ಮುಖ ಮಾಡಿದ ನಿವೇಶನದ ಅಡಿಗಳಿಂದ ಅಳೆಯುವ ವ್ಯವಸ್ಥೆ ಅದು. ಆಗ್ಡನ್‌ನ ಬಗ್ಗೆ ನಿಮಗಿರುವ ಅನುಮಾನವನ್ನು ಈ ವ್ಯವಸ್ಥೆಯ ಕಡೆಗೆ ತಿರುಗಿಸಿದರೆ ಅದು ಹೆಚ್ಚು ಸರಿಯಾದ ಗುರಿ ಮುಟ್ಟುತ್ತದೆ ಎಂದು ನಾನು ಭಾವಿಸುತ್ತೇನೆ.

ಇನ್ನು ನಿಮ್ಮ ಊರಿಗೆ ನೇರವಾಗಿ ಸಂಬಂಧಿಸಿದ ಭಾಗ. ಗೆಲೀನಾ–ಶಿಕಾಗೊ ಯೂನಿಯನ್ ರೈಲುಮಾರ್ಗಕ್ಕೆ 1836ರಲ್ಲೇ ಸನ್ನದು ಸಿಕ್ಕಿದ್ದರೂ ಹತ್ತು ವರ್ಷ ಅದು ಕಾಗದದಲ್ಲಿಯೇ ಇತ್ತು. ಆಗ್ಡನ್ ಅದರ ಅಧ್ಯಕ್ಷನಾಗಿ ಬಾಸ್ಟನ್ನಿನ ಹಣವಂತರನ್ನು ಕೇಳಿದಾಗ, ಮೊದಲು ನಿಮ್ಮವರಿಂದ ಎಷ್ಟು ಎತ್ತಲು ಸಾಧ್ಯವೋ ಎತ್ತಿ ತನ್ನಿ ಎಂಬ ಉತ್ತರ ಬಂತು. ಆಗ ಆತ ಮತ್ತು ವಕೀಲ ಯಂಗ್ ಸ್ಕ್ಯಾಮನ್ ಶಿಕಾಗೊದಿಂದ ಗೆಲೀನಾವರೆಗಿನ ದಾರಿಯುದ್ದಕ್ಕೂ ಊರೂರು ತಿರುಗಿ, ಶಾಲೆಗಳಲ್ಲಿ, ಚರ್ಚುಗಳಲ್ಲಿ, ಹೊಲಗಳ ಬದಿಯಲ್ಲಿ ರೈತರಿಗೆ ಷೇರು ಮಾರಿದರು. ಮಾರುಕಟ್ಟೆಗೆ ಗೋಧಿ ಗಾಡಿ ಹೊಡೆದುಕೊಂಡು ಕೆಸರಿನಲ್ಲಿ ದಿನಗಟ್ಟಲೆ ನರಳಿದ ರೈತನಿಗೆ ರೈಲಿನ ಉಪಯೋಗವನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ಶಿಕಾಗೊದ ಅಂಗಡಿಕಾರರೇ ಅದಕ್ಕೆ ಅಡ್ಡಬಂದರು. ಗಾಡಿ ಹೊಡೆದುಕೊಂಡು ಬರುವ ರೈತ ಹಿಂದಿರುಗುವಾಗ ಸಾಮಾನು ಕೊಂಡು ಹೋಗುತ್ತಿದ್ದ, ರೈಲು ಬಂದರೆ ಆ ವ್ಯಾಪಾರ ಬೇರೆ ಊರುಗಳ ಪಾಲಾಗುವುದೆಂದು ಅವರು ಹೆದರಿದ್ದರು.

ಅದೇ ಹೊತ್ತಿನಲ್ಲಿ ನೇಪರ್‌ವಿಲ್‌ನ ಮುಖಂಡರು ಬೇರೊಂದು ದಾರಿಯಲ್ಲಿ ಹಣ ತೊಡಗಿಸಿದ್ದರು. ಓಕ್ ಹಲಗೆಗಳನ್ನು ಅಡ್ಡಡ್ಡ ಹಾಸಿ, ಸುಂಕ ವಸೂಲಿ ಮಾಡುವ ಸೌತ್‌ವೆಸ್ಟರ್ನ್ ಹಲಗೆ ರಸ್ತೆ ಅದು. ಆದ್ದರಿಂದ ಅವರು ರೈಲಿಗೆ ಜಾಗ ಕೊಡಲಿಲ್ಲ. ರೈಲು ಉತ್ತರಕ್ಕೆ ಸರಿಯಿತು, ತಮ್ಮ ಹೊಲದಲ್ಲಿ ಜಾಗ ಬಿಟ್ಟುಕೊಟ್ಟ ವೀಟನ್ ಸಹೋದರರ ಹೆಸರಿನಲ್ಲಿ ಅಲ್ಲೊಂದು ಊರು ಬೆಳೆಯಿತು. ಹಲಗೆಗಳು ಮಳೆಗೆ, ಹಿಮಕ್ಕೆ ಬಾಗಿ, ಕೊಳೆತು ಕೆಲವೇ ವರ್ಷಗಳಲ್ಲಿ ನಿರುಪಯೋಗಿಯಾದವು. ನೇಪರ್‌ವಿಲ್ ತನ್ನ ರೈಲಿಗಾಗಿ 1864ರವರೆಗೆ ಕಾಯಬೇಕಾಯಿತು. ನೀವು ದಿನವೂ ಓಡಾಡುವ ಆಗ್ಡನ್ ಅವೆನ್ಯೂ ಆ ಹಲಗೆ ರಸ್ತೆಯ ಜಾಡಿನಲ್ಲಿಯೇ ಇದೆ. ರೈಲನ್ನು ಬೇಡವೆಂದು ಆರಿಸಿಕೊಂಡ ದಾರಿಗೆ ಕೊನೆಗೆ ರೈಲು ತಂದವನ ಹೆಸರು ಬಂದಿದೆ.

1848ರ ಅಕ್ಟೋಬರ್‌ನಲ್ಲಿ ಹಡಗಿನಿಂದ ಇಳಿದ ಗೆಲೀನಾ ರೈಲಿನ ಮೊದಲ ಎಂಜಿನ್, ಹೆಸರು ಪಯೊನಿಯರ್, ಹಳೆಯದಾಗಿ ಕೊಂಡದ್ದು. ಹಳಿಗಳೆಂದರೆ ಮರದ ತೊಲೆಗಳ ಮೇಲೆ ಬಡಿದ ಕಬ್ಬಿಣದ ಪಟ್ಟಿಗಳು. ಆ ಶರತ್ಕಾಲದಲ್ಲಿ ನಿರ್ದೇಶಕರನ್ನು ಹತ್ತಿಸಿಕೊಂಡು ಡೆ ಪ್ಲೇನ್ಸ್ ನದಿಯವರೆಗೆ ಹೋದ ರೈಲು ಬರುವಾಗ, ದಾರಿಯಲ್ಲಿ ಎತ್ತಿನ ಗಾಡಿಯಲ್ಲಿ ಬರುತ್ತಿದ್ದ ಒಬ್ಬ ರೈತನ ಗೋಧಿಯನ್ನು ತುಂಬಿಕೊಂಡು ಬಂತು. ರೈಲಿನಲ್ಲಿ ಶಿಕಾಗೊ ತಲುಪಿದ ಮೊದಲ ಧಾನ್ಯ ಅದು. ಕೆಲವೇ ದಿನಗಳಲ್ಲಿ ಹಳಿಯ ಕೊನೆಯಲ್ಲಿ ಗೋಧಿಯ ಗಾಡಿಗಳು ಸಾಲುಗಟ್ಟಿ ನಿಂತವು. ಹತ್ತು ವರ್ಷಗಳಲ್ಲಿ ಶಿಕಾಗೊ ದೇಶದ ದೊಡ್ಡ ರೈಲು ಕೇಂದ್ರವಾಯಿತು. 1850ರಲ್ಲಿ ಸುಮಾರು 30 ಸಾವಿರವಿದ್ದ ಜನಸಂಖ್ಯೆ 1870ರ ವೇಳೆಗೆ ಮೂರು ಲಕ್ಷದ ಹತ್ತಿರ ಬಂತು. ಮುಂದೆ ಆಗ್ಡನ್ ಶಿಕಾಗೊ–ನಾರ್ತ್‌ವೆಸ್ಟರ್ನ್ ರೈಲಿನ ಅಧ್ಯಕ್ಷನೂ, 1862ರಲ್ಲಿ ಖಂಡವನ್ನು ದಾಟುವ ಯೂನಿಯನ್ ಪೆಸಿಫಿಕ್‌ನ ಮೊದಲ ಅಧ್ಯಕ್ಷನೂ ಆದ. ಎರಡನೆಯದು ಒಂದೇ ವರ್ಷದ ಮಾತು, ಅಲ್ಲಿ ಆತನ ಪಾತ್ರ ದೊಡ್ಡದಲ್ಲ.

ಬಂಡವಾಳ ಎಲ್ಲಿ ಹಾಕಬೇಕೆಂಬ ಆತನ ಕಣ್ಣಿಗೆ ಒಂದು ನಿದರ್ಶನ ಸಾಕು. ಸೈರಸ್ ಮೆಕಾರ್ಮಿಕ್ ತನ್ನ ಕೊಯ್ಲು ಯಂತ್ರದ ಕಾರ್ಖಾನೆಯನ್ನು ಶಿಕಾಗೊದಲ್ಲಿ ಆರಂಭಿಸಿದಾಗ ಆಗ್ಡನ್ 25 ಸಾವಿರ ಡಾಲರ್ ಕೊಟ್ಟು ಅರ್ಧ ಪಾಲುದಾರನಾದ. 1849ರಲ್ಲಿ ಮೆಕಾರ್ಮಿಕ್ 50 ಸಾವಿರ ಕೊಟ್ಟು ಆ ಪಾಲನ್ನು ಮರಳಿ ಕೊಂಡ. ಆ ಯಂತ್ರ ಹುಲ್ಲುಗಾವಲನ್ನು ಗೋಧಿಯ ಹೊಲವಾಗಿಸಿತು, ಗೋಧಿ ಆಗ್ಡನ್‌ನ ರೈಲಿಗೆ ಸರಕಾಯಿತು, ರೈಲು ಆಗ್ಡನ್‌ನ ನಿವೇಶನಗಳಿಗೆ ಬೆಲೆ ತಂದಿತು. 1845ರಲ್ಲಿ 15 ಸಾವಿರ ಡಾಲರ್‌ಗೆ ಕೊಂಡ ಆಸ್ತಿ 1865ರಲ್ಲಿ ಒಂದು ಕೋಟಿ ಡಾಲರ್ ಬಾಳುತ್ತಿತ್ತೆಂದು ಆತನೇ ಬರೆದುಕೊಂಡಿದ್ದಾನೆ.

ಕೆಸರನ್ನು ಆತ ಮರೆತಿರಲಿಲ್ಲ. ಕಾಲರಾದಿಂದ ಊರು ತತ್ತರಿಸಿದ ಮೇಲೆ 1855ರಲ್ಲಿ ಒಳಚರಂಡಿ ಮಂಡಳಿ ರಚನೆಯಾದಾಗ ಅದರ ಮೂವರು ಸದಸ್ಯರಲ್ಲಿ ಆಗ್ಡನ್ ಒಬ್ಬ. ಎಂಜಿನಿಯರ್ ಎಲಿಸ್ ಚೆಸ್ಬ್ರೊ ಮುಂದಿಟ್ಟ ಯೋಜನೆ ಎದೆಗಾರಿಕೆಯದು. ನೆಲ ಸಮತಟ್ಟಾಗಿದ್ದು ನೀರು ಹರಿಯುವುದಿಲ್ಲವಾದ್ದರಿಂದ, ಚರಂಡಿಯನ್ನು ಬೀದಿಯ ಮೇಲೆಯೇ ಕಟ್ಟಿ, ಸುತ್ತ ಮಣ್ಣು ತುಂಬಿಸಿ, ಬೀದಿಯನ್ನೇ ಎತ್ತರಿಸುವುದು. ಬೀದಿ ಏರಿದ ಮೇಲೆ ಕಟ್ಟಡಗಳೂ ಏರಬೇಕಲ್ಲವೆ? ಅಡಿಪಾಯದ ಕೆಳಗೆ ನೂರಾರು ತಿರುಪು ಜಾಕಿಗಳನ್ನು ಇಟ್ಟು, ಆಳುಗಳು ಸಂಜ್ಞೆಗೆ ತಕ್ಕಂತೆ ಒಂದೇ ಸಮನೆ ತಿರುಪು ತಿರುಗಿಸಿ, ಇಟ್ಟಿಗೆಯ ಕಟ್ಟಡಗಳನ್ನು, ದೊಡ್ಡ ಹೋಟೆಲುಗಳನ್ನು ಸಹ, ಬಿರುಕು ಬಿಡದಂತೆ ಅಡಿಗಟ್ಟಲೆ ಮೇಲೆತ್ತಿದರು. ಇಪ್ಪತ್ತು ವರ್ಷಗಳ ಹಿಂದೆ ಯಾವ ನೆಲಕ್ಕೆ ಬೆಲೆಯಿಲ್ಲವೆಂದು ಬರೆದಿದ್ದನೋ ಆ ನೆಲ ಹೂತುಹೋಯಿತು, ಅದರ ಮೇಲೆ ಇನ್ನೊಂದು ಶಿಕಾಗೊ ನಿಂತಿತು. ಚರಂಡಿ ನೀರು ಮಾತ್ರ ನದಿಯ ಮೂಲಕ, ಊರು ಕುಡಿಯುವ ನೀರು ತೆಗೆಯುತ್ತಿದ್ದ ಸರೋವರವನ್ನೇ ಸೇರಿತು. ಆ ತಪ್ಪನ್ನು ಸರಿಪಡಿಸಲು ಮುಂದೆ ನದಿಯ ಹರಿವನ್ನೇ ತಿರುಗಿಸಬೇಕಾಯಿತು.

ಆತನ ಬದುಕಿನಲ್ಲಿ ನನಗೆ ಒಪ್ಪಿಗೆಯಾಗದ ಪುಟ 1857ರದು. ನದಿಯ ಮುಖದಲ್ಲಿ ಬಂದರಿನ ಗೋಡೆ ಕಟ್ಟಿದ ಮೇಲೆ ಉತ್ತರ ದಡದಲ್ಲಿ ಮರಳು ಶೇಖರವಾಗಿ ಹೊಸ ನೆಲ ಬೆಳೆದಿತ್ತು. ಅದು ಯಾರದೆಂಬ ವ್ಯಾಜ್ಯ ಎಳೆದಾಡುತ್ತಿದ್ದಾಗ ದಿಕ್ಕಿಲ್ಲದವರು ಅಲ್ಲಿ ಗುಡಿಸಲು ಹಾಕಿಕೊಂಡರು, ಅವುಗಳ ನಡುವೆ ಹೆಂಡದಂಗಡಿ, ಜೂಜುಕಟ್ಟೆ, ವೇಶ್ಯಾಗೃಹಗಳೂ ಬಂದವು. ಸ್ಯಾಂಡ್ಸ್ ಎಂದು ಆ ಜಾಗದ ಹೆಸರು. ಆಗ್ಡನ್ ಅಲ್ಲಿನ ಹಕ್ಕುಗಳನ್ನು ಕೊಂಡು, ಇದ್ದವರಿಗೆ ಖಾಲಿ ಮಾಡಲು ತಿಳಿಸಿದ. ಏಪ್ರಿಲ್ 20ರಂದು ಮೇಯರ್ ಜಾನ್ ವೆಂಟ್‌ವರ್ತ್ ಪೊಲೀಸರೊಂದಿಗೆ ಬಂದು, ಕೊಕ್ಕೆ ಮತ್ತು ಸರಪಳಿ ಬಿಗಿದು ಮನೆಗಳನ್ನು ಎಳೆದು ಕೆಡವಿಸಿದ. ಉಳಿದವು ಆ ಮಧ್ಯಾಹ್ನವೇ ಬೆಂಕಿಗೆ ಆಹುತಿಯಾದವು. ಊರಿನ ಪತ್ರಿಕೆಗಳು ಕೊಳೆ ತೊಳೆಯಿತೆಂದು ಹೊಗಳಿದವು. ಬೀದಿಗೆ ಬಿದ್ದವರು ಊರಿನ ಬೇರೆ ಬೇರೆ ಭಾಗಗಳಿಗೆ ಚದುರಿಹೋದರು. ಅದೇ ವರ್ಷ ಆಗ್ಡನ್ ಶಿಕಾಗೊ ಡಾಕ್ ಆಂಡ್ ಕೆನಾಲ್ ಕಂಪನಿಯನ್ನು ಸ್ಥಾಪಿಸಿ ಆ ಭಾಗವನ್ನು ಹಡಗುಕಟ್ಟೆ ಮಾಡಲು ತೊಡಗಿದ. ಆತನಿಗೆ ಕಾನೂನಿನ ಬಲವಿತ್ತು ಎಂಬುದನ್ನು ಒಪ್ಪುತ್ತೇನೆ. ಆದರೆ ನಗರದ ಮೇಯರ್ ಖಾಸಗಿ ಹಕ್ಕಿನ ತಕರಾರಿನಲ್ಲಿ ಸರಪಳಿ ಹಿಡಿದು ಬಂದದ್ದು ಯಾವ ಕಾನೂನಿನಿಂದಲೂ ಸರಿಯಾಗುವುದಿಲ್ಲ. ನಿಮ್ಮ ಪ್ರಶ್ನೆಗೆ ನಿಜವಾದ ಉದಾಹರಣೆ ಬೇಕಿದ್ದರೆ ಅದು ಇಲ್ಲಿದೆ, 1837ರಲ್ಲಿ ಅಲ್ಲ.

1871ರ ಅಕ್ಟೋಬರ್ 8ರ ರಾತ್ರಿ ಶಿಕಾಗೊಗೆ ಬೆಂಕಿ ಬಿತ್ತು. ಸುಮಾರು 300 ಜನ ಸತ್ತರು, ಒಂದು ಲಕ್ಷ ಜನ ಮನೆ ಕಳೆದುಕೊಂಡರು. ಆ ವೇಳೆಗೆ ಆಗ್ಡನ್ ನ್ಯೂಯಾರ್ಕ್ ಬಳಿಯ ಮನೆಯಲ್ಲಿ ನೆಲೆಸಿದ್ದ. ಸುದ್ದಿ ತಿಳಿದು ರೈಲಿನಲ್ಲಿ ಬಂದಾಗ, ವಾಸ್ತುಶಿಲ್ಪಿ ಜಾನ್ ವ್ಯಾನ್ ಆಸ್ಡೆಲ್‌ನನ್ನು ನ್ಯೂಯಾರ್ಕಿನಿಂದ ಕರೆತಂದು 1837ರಲ್ಲಿ ಕಟ್ಟಿಸಿದ್ದ ತನ್ನ ಮನೆ ಎಲ್ಲಿತ್ತೆಂದು ಆತನಿಗೇ ಗುರುತು ಹತ್ತಲಿಲ್ಲ. ತಮ್ಮ ಮಾಲನ್ ಆಗ್ಡನ್‌ನ ಮರದ ಮನೆಯಾದರೋ ಒದ್ದೆ ಕಂಬಳಿ, ಜಮಖಾನೆಗಳನ್ನು ಹೊದಿಸಿದ್ದರಿಂದ ಸುತ್ತಲಿನ ಬೂದಿಯ ನಡುವೆ ಉಳಿದಿತ್ತು.

ಅಷ್ಟರಲ್ಲಿ ಇನ್ನೊಂದು ಸುದ್ದಿ ಬಂತು. ವಿಸ್ಕಾನ್ಸಿನ್‌ನ ಪೆಶ್ಟಿಗೊದಲ್ಲಿ ಆಗ್ಡನ್‌ಗೆ ದೊಡ್ಡ ಮರ ಕೊಯ್ಯುವ ಕಾರ್ಖಾನೆಯೂ, ಬಕೆಟ್ಟು, ತೊಟ್ಟಿ, ಪೊರಕೆಯ ಹಿಡಿ ಮಾಡುವ ಕಾರ್ಖಾನೆಯೂ ಇದ್ದವು. ಊರೇ ಆ ಕಂಪನಿಯದು ಎಂಬಂತಿತ್ತು. ಅದೇ ರಾತ್ರಿ, ಅದೇ ಗಾಳಿಗೆ, ಆ ಊರು ಒಂದೆರಡು ಗಂಟೆಗಳಲ್ಲಿ ಸುಟ್ಟುಹೋಯಿತು. ಜನ ನದಿಗೆ ಹಾರಿ, ಕತ್ತಿನವರೆಗೆ ನೀರಿನಲ್ಲಿ ನಿಂತು, ತಲೆಗೆ ನೀರೆರಚಿಕೊಳ್ಳುತ್ತ ರಾತ್ರಿ ಕಳೆದರು. ಆ ಪ್ರದೇಶದಲ್ಲಿ ಸತ್ತವರು 1,200ರಿಂದ 2,500 ಎಂದು ಅಂದಾಜು. ಅಮೆರಿಕದ ಇತಿಹಾಸದಲ್ಲಿ ಇಷ್ಟು ಜೀವ ತೆಗೆದುಕೊಂಡ ಬೆಂಕಿ ಬೇರೊಂದಿಲ್ಲ, ಆದರೂ ಶಿಕಾಗೊದ ಹೊಗೆಯಲ್ಲಿ ಅದು ಲೋಕಕ್ಕೆ ಕಾಣಿಸಲೇ ಇಲ್ಲ. ದೀರ್ಘ ಬರ, ಮರ ಕಡಿದಲ್ಲಿ ಬಿಟ್ಟ ರೆಂಬೆಕೊಂಬೆಗಳ ರಾಶಿ, ಹೊಲಕ್ಕೂ ರೈಲುದಾರಿಗೂ ಕಾಡು ಸವರಲು ಹಚ್ಚುತ್ತಿದ್ದ ಸಣ್ಣ ಬೆಂಕಿಗಳು, ಎಲ್ಲವೂ ಸೇರಿ ಆ ಅನಾಹುತವಾಯಿತು. ಉತ್ತರಕ್ಕೆ ಚಾಚುತ್ತಿದ್ದ ಆ ರೈಲು ಆಗ್ಡನ್ ಕೆಲವು ವರ್ಷಗಳ ಹಿಂದಿನವರೆಗೆ ಅಧ್ಯಕ್ಷನಾಗಿದ್ದ ನಾರ್ತ್‌ವೆಸ್ಟರ್ನ್. 66 ವರ್ಷದ ಆಗ್ಡನ್ ಶಿಕಾಗೊದಿಂದ ಪೆಶ್ಟಿಗೊಗೆ ಹೋಗಿ, ಊರನ್ನು ಮತ್ತೆ ಕಟ್ಟುವುದಾಗಿ ಮಾತು ಕೊಟ್ಟು, ಅಲ್ಲಿ ನಿಂತು ಕೆಲಸ ಮಾಡಿಸಿದ. ಮರ ಕೊಯ್ಯುವ ಕೆಲಸ ಮುಂದುವರಿಯಿತು, ಬಕೆಟ್ಟಿನ ಕಾರ್ಖಾನೆ ಮತ್ತೆ ಏಳಲಿಲ್ಲ.

ಯೌವನದಲ್ಲಿ ಮದುವೆ ನಿಶ್ಚಯವಾಗಿದ್ದ ಹುಡುಗಿ ತೀರಿಕೊಂಡ ಮೇಲೆ ಒಂಟಿಯಾಗಿಯೇ ಉಳಿದಿದ್ದ ಆತ, 1875ರಲ್ಲಿ, 69ನೆಯ ವಯಸ್ಸಿನಲ್ಲಿ, ಮೇರಿಯಾನಾ ಆರ್ನಟ್‌ಳನ್ನು ವಿವಾಹವಾದ. 1877ರ ಆಗಸ್ಟ್ 3ರಂದು ನ್ಯೂಯಾರ್ಕಿನಲ್ಲಿ ತೀರಿಕೊಂಡ. ಸಮಾಧಿಯೂ ಅಲ್ಲಿಯೇ, ವುಡ್‌ಲಾನ್ ಸ್ಮಶಾನದಲ್ಲಿದೆ.

ಹೆಸರಿಡುವುದು ಸರಿಯೇ ಎಂಬ ಪ್ರಶ್ನೆಗೆ ನನ್ನ ಅಭಿಪ್ರಾಯವನ್ನು ಹೇಳದೆ ಜಾರಿಕೊಳ್ಳಲಾರೆ. ಆ ರಸ್ತೆಗೆ ಆತನ ಹೆಸರು ಸಲ್ಲುತ್ತದೆ. ಮಗಳ ಪಾಠದಲ್ಲಿ ಮಾತ್ರ ಆತನ ಹೆಸರಿನ ಜೊತೆಗೆ ಪೊಟವಾಟೊಮಿಗಳು, ಸ್ಯಾಂಡ್ಸ್‌ನ ಗುಡಿಸಲುಗಳು ಮತ್ತು ಪೆಶ್ಟಿಗೊದ ಕೂಲಿಗಳು ಬರಬೇಕು. ಬಾರದಿದ್ದರೆ ನೀವೇ ಹೇಳಿಕೊಡಿ, ಅದಕ್ಕೆ ಒಂದು ಭಾನುವಾರ ಸಾಕು. ಶಿಕಾಗೊ ಇತಿಹಾಸ ಮ್ಯೂಸಿಯಂನಲ್ಲಿ ಆ ಪಯೊನಿಯರ್ ಎಂಜಿನ್ ಇದೆ. ಮಗಳು ಅದರ ಪಕ್ಕದಲ್ಲಿ ನಿಂತರೆ ಅದು ಎಷ್ಟು ಚಿಕ್ಕದೆಂದು ತಿಳಿಯುತ್ತದೆ. ಅಲ್ಲಿಂದ ದಕ್ಷಿಣಕ್ಕೆ ಬಂದರೆ, ಬೆಂಕಿಯಲ್ಲಿ ಉಳಿದ ತಮ್ಮನ ಮನೆಯಿದ್ದ ಜಾಗದಲ್ಲಿ ಈಗ ನ್ಯೂಬೆರಿ ಗ್ರಂಥಾಲಯವಿದೆ. ಇನ್ನೂ ಮುಂದೆ ನದಿಯ ಮುಖದ ಕಡೆಗೆ ನಡೆದರೆ, ಎತ್ತರದ ಕಟ್ಟಡಗಳ ನಡುವೆ ಆಗ್ಡನ್ ಸ್ಲಿಪ್ ಎಂಬ ಉದ್ದನೆಯ ನೀರಿನ ತೋಡು ಸಿಗುತ್ತದೆ. ಸ್ಯಾಂಡ್ಸ್ ಇದ್ದದ್ದು ಆ ಆಸುಪಾಸಿನಲ್ಲಿಯೇ.